ಗೆರೆ ಅಲ್ಲಿ, ಗಾಡಿ ಇಲ್ಲಿ

2025ರ ನವೆಂಬರ್ 1ರಿಂದ ದಿಲ್ಲಿ ಗಡಿಯಲ್ಲಿ ಒಂದು ನಿಯಮ ಜಾರಿಗೆ ಬಂತು. ಬೇರೆ ರಾಜ್ಯದಲ್ಲಿ ನೋಂದಣಿಯಾದ, ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಮಟ್ಟದ ಸರಕು ಗಾಡಿಗಳಿಗೆ ಒಳಗೆ ಪ್ರವೇಶ ಇಲ್ಲ. ಬಿಎಸ್-4 ಗಾಡಿಗಳಿಗೆ 2026ರ ಅಕ್ಟೋಬರ್ 31ರವರೆಗೆ ವಾಯಿದೆ. ದಿಲ್ಲಿ ಎಲ್ಲಿ, ಚಿಕ್ಕೋಡಿ ಎಲ್ಲಿ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗೋರು ಒಂದ್ನಿಮಿಷ ನಿಲ್ಲಿ.

ಇಂಥ ವ್ಯವಸ್ಥೆಗೆ ಲೋ ಎಮಿಷನ್ ಝೋನ್ ಅಂತ ಹೆಸರು. ಊರಿನ ಸುತ್ತ ಒಂದು ಗೆರೆ ಎಳೀತಾರೆ. ಹೊಗೆ ಹೆಚ್ಚು ಬಿಡೋ ಗಾಡಿ ಆ ಗೆರೆ ದಾಟಿದ್ರೆ ದುಡ್ಡು ಕಟ್ಟಬೇಕು, ಇಲ್ಲಾ ಬರಲೇಬಾರದು. ಲಂಡನ್ 2008ರಲ್ಲಿ ದೊಡ್ಡ ಲಾರಿಗಳಿಂದ ಶುರು ಮಾಡಿತು. 2019ರಲ್ಲಿ ಇನ್ನೂ ಬಿಗಿಯಾದ ಎರಡನೇ ವಲಯ ಬಂತು. ಅಲ್ಲಿ ಮಟ್ಟ ಮುಟ್ಟದ ಸಣ್ಣ ವ್ಯಾನ್‌ಗೆ ದಿನಕ್ಕೆ 12.50 ಪೌಂಡ್. ನಮ್ಮ ಕರ್ನಾಟಕದಲ್ಲಿ ಹೀಗೆ ಬಿಎಸ್ ಮಟ್ಟ ನೋಡಿ ಗಾಡಿ ತಡೆಯೋ ಊರು ಇನ್ನೂ ಇಲ್ಲ.

ಆದ್ರೆ ನಿಪ್ಪಾಣಿ, ಕಾಗವಾಡದವರಿಗೆ ಪೇಟೆ ಅಂದ್ರೆ ಯಾವುದು? ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ., ಬೆಳಗಾವಿ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ. ಕಾಗವಾಡದಿಂದ ಮಿರಜ ಕಣ್ಣಳತೆಯಲ್ಲೇ ಇದೆ, ಅದರಾಚೆ ಸಾಂಗ್ಲಿ. ಬೆಲ್ಲ, ಅರಿಷಿಣ, ಒಣದ್ರಾಕ್ಷಿ, ಅಥಣಿಯ ಚಪ್ಪಲಿ, ಕಾಯಿಪಲ್ಯ ಎಲ್ಲಾ ಹೋಗೋದು ಆ ಕಡೆಗೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿ ತೆಗೆದು ನೋಡಿ. ಗಾಳಿಯ ಗುಣಮಟ್ಟ ಮುಟ್ಟದ ಊರುಗಳಲ್ಲಿ ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರ, ಪುಣೆ, ಮುಂಬಯಿ ಎಲ್ಲವೂ ಇವೆ. ಬೆಳಗಾವಿ ಇಲ್ಲ. ಅಂದ್ರೆ ನಾಳೆ ಗೆರೆ ಎಳೆದ್ರೆ ಅದು ಎಳೆಯೋದು ಮಹಾರಾಷ್ಟ್ರದಲ್ಲಿ, ತಟ್ಟೋದು ನಮ್ಮ ಐದು ತಾಲೂಕಿಗೆ. ಆ ಊರುಗಳ ಮಹಾನಗರಪಾಲಿಕೆಗೆ ನಮ್ಮ ಗಾಡಿ ಮಾಲೀಕರು ಮತದಾರರೂ ಅಲ್ಲ.

ಈಗ ಗಾಡಿ ವಿಷಯ. ನಮ್ಮ ಕಡೆ ಸಣ್ಣ ವ್ಯಾಪಾರಿಯ ಹತ್ರ ಇರೋದು ಒಂದೇ ಗಾಡಿ: ಛೋಟಾ ಹಾಥಿ ಅನ್ನೋ ಏಸ್, ಇಲ್ಲಾ ಸೆಕೆಂಡ್‌ಹ್ಯಾಂಡ್ 407. ಇವುಗಳ ಮೇಲೆ ಒಂದು ಹಳೆಯ ತಾರತಮ್ಯ ಇದೆ, ಬಹಳ ಜನ ಅದನ್ನ ಮರೆತೇ ಬಿಟ್ಟಿದ್ದಾರೆ. 2010ರಲ್ಲಿ ಬಿಎಸ್-4 ಬಂದಾಗ ಅದು ಬಂದದ್ದು ಬೆಂಗಳೂರು, ಪುಣೆ, ಮುಂಬಯಿ, ಸೊಲ್ಲಾಪುರದಂಥ 13 ನಗರಗಳಿಗೆ ಮಾತ್ರ. ಉಳಿದ ಊರುಗಳಿಗೆ ಬಿಎಸ್-3. ಬಿಎಸ್-4 ಹಂತಹಂತವಾಗಿ ಹರಡಿ ಇಡೀ ದೇಶಕ್ಕೆ ಕಡ್ಡಾಯ ಆಗಿದ್ದು 2017ರ ಏಪ್ರಿಲ್ 1ಕ್ಕೆ. ಹಾಗಾಗಿ 2013ರಲ್ಲಿ ಪುಣೆಯಲ್ಲಿ ಒಬ್ಬ, ಕೆಎ-23 ನಂಬರಿನಲ್ಲಿ ಚಿಕ್ಕೋಡಿಯಲ್ಲಿ ಇನ್ನೊಬ್ಬ ಹೊಸ ಮಿನಿ ಟ್ರಕ್ ಕೊಂಡಿದ್ರೆ ಗಾಡಿಗಳ ವಯಸ್ಸು ಒಂದೇ, ಮಟ್ಟ ಬೇರೆ. ಚಿಕ್ಕೋಡಿಯವ ಬೇಕು ಅಂತ ಹೊಲಸು ಎಂಜಿನ್ ಆರಿಸಿಕೊಂಡಿರಲಿಲ್ಲ. ಅವನ ಊರಿನ ಬಂಕಿಗೆ ಬರ್ತಿದ್ದ ಡೀಸೆಲ್‌ನಲ್ಲೇ ಗಂಧಕ 350 ಪಿಪಿಎಂವರೆಗೆ ಇರಬಹುದಿತ್ತು, ಬಿಎಸ್-4 ಡೀಸೆಲ್‌ಗೆ ಮಿತಿ 50.

ಹಾಗಂತ ಹೊಗೆ ಸುಳ್ಳಲ್ಲ. 3.5 ಟನ್ ಮೀರಿದ ಡೀಸೆಲ್ ಗಾಡಿಯ ಎಂಜಿನ್‌ಗೆ ಕಣಗಳ ಮಿತಿ ಬಿಎಸ್-3ರಲ್ಲಿ ಪ್ರತಿ ಕಿಲೋವ್ಯಾಟ್-ಗಂಟೆಗೆ 0.10 ಗ್ರಾಂ, ಬಿಎಸ್-4ರಲ್ಲಿ 0.02, ಬಿಎಸ್-6ರಲ್ಲಿ 0.01. ಅಂದ್ರೆ ಒಂದೇ ಮೆಟ್ಟಿಲಿಗೆ ಐದನೇ ಒಂದು ಪಾಲು. ಮಾರ್ಕೆಟ್ ಯಾರ್ಡಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಆ ಗಾಳಿ ಉಸಿರಾಡೋರು ಹಮಾಲರು, ಕಾಯಿಪಲ್ಯ ಮಾರೋ ಹೆಂಗಸರು. ಅವರ ಶ್ವಾಸಕೋಶಕ್ಕೆ ಗಾಡಿ ಮಾಲೀಕನ ಕಷ್ಟ ಗೊತ್ತಾಗೋದಿಲ್ಲ. ಗೆರೆ ಬೇಡವೇ ಬೇಡ ಅನ್ನೋದು ನನ್ನ ವಾದ ಅಲ್ಲ. ಅದನ್ನ ಹೇಗೆ ಎಳೀತಾರೆ ಅನ್ನೋದೇ ಪ್ರಶ್ನೆ.

ಒಂದು ಲೆಕ್ಕ ಹಾಕೋಣ. ಅಂಕಿ ಊಹೆಯವು, ತರ್ಕ ನೋಡಿ. ಕಾಗವಾಡದಿಂದ ಸಾಂಗ್ಲಿಗೆ ಒಂದು ಖೇಪಿಗೆ ಡೀಸೆಲ್, ಡ್ರೈವರ್ ಪಗಾರ ಕಳೆದು 600 ರೂಪಾಯಿ ಉಳೀತು ಅಂತಿಟ್ಟುಕೊಳ್ಳಿ. ಪ್ರವೇಶಕ್ಕೆ ದಿನಕ್ಕೆ 200 ರೂಪಾಯಿ. ದಿನಕ್ಕೆ ಒಂದೇ ಖೇಪು ಹೊಡೆಯೋನಿಗೆ ಉಳಿಕೆಯ ಮೂರನೇ ಒಂದು ಪಾಲು ಹೋಯ್ತು. ನಾಲ್ಕು ಖೇಪು ಹೊಡೆಯೋ ಕಂಪನಿ ಗಾಡಿಗೆ ಖೇಪಿಗೆ 50 ರೂಪಾಯಿ ಅಷ್ಟೇ. ಆದ್ರೆ ಒಳಗೆ ಹೊಗೆ ಹೆಚ್ಚು ಬಿಟ್ಟದ್ದು ಯಾರು? ಒಟ್ಟು ಹೊಗೆ ಅಂದ್ರೆ ಕಿಲೋಮೀಟರಿಗೆ ಇಷ್ಟು ಗ್ರಾಂ ಗುಣಿಲೆ ಓಡಿದ ಕಿಲೋಮೀಟರ್. ದಿನದ ಶುಲ್ಕ ಎರಡನೆಯ ಗುಣಕವನ್ನ ನೋಡೋದೇ ಇಲ್ಲ. ಹಳೇ ಗಾಡಿಗಳು ಸಾಮಾನ್ಯವಾಗಿ ಕಡಿಮೆ ಓಡ್ತಾವೆ, ಅದಕ್ಕೇ ಅವು ಇನ್ನೂ ಉಳಿದಿರೋದು.

‘ಹೊಸಾದು ತಗೋರಿ’ ಅನ್ನೋದು ಸುಲಭ. ಗೆರೆ ಬಿತ್ತು ಅಂದ ದಿನವೇ ಹಳೇ ಗಾಡಿಯ ಬೆಲೆಯೂ ಬೀಳುತ್ತೆ; ಅದನ್ನ ಮಾರಿ ಡೌನ್ ಪೇಮೆಂಟ್ ಕಟ್ಟೋ ಯೋಚನೆ ಅಲ್ಲಿಗೇ ನಿಂತುಹೋಯ್ತು. ಇತ್ತ ಪಾಸಿಂಗ್ ಖರ್ಚೂ ಏರಿದೆ: 15 ವರ್ಷ ದಾಟಿದ ಗಾಡಿಯ ಫಿಟ್‌ನೆಸ್ ನವೀಕರಣಕ್ಕೆ 2021ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ ಲಘು ವಾಹನಕ್ಕೆ 7,500, ಭಾರಿ ವಾಹನಕ್ಕೆ 12,500 ರೂಪಾಯಿ ನಿಗದಿ ಮಾಡಿತು. ಇನ್ನೊಂದು ತಮಾಷೆ ಇದೆ. ನಗರ ಹೊರಗೆ ಹಾಕಿದ ಗಾಡಿ ಗುಜರಿಗೇ ಹೋಗಬೇಕು ಅಂತಿಲ್ಲ. ದಿಲ್ಲಿಯ ವಯಸ್ಸಾದ ಗಾಡಿಗಳು ಎನ್‌ಓಸಿ ಹಿಡಿದು ಬೇರೆ ರಾಜ್ಯಕ್ಕೆ ಹೋಗಿ ನೋಂದಣಿ ಆಗ್ತಾವೆ. ಪುಣೆಯಲ್ಲಿ ಹಾಗಾದ್ರೆ ಅಗ್ಗದ ಗಾಡಿ ಹೆದ್ದಾರಿ ಹಿಡಿದು ಬಂದು ನಿಲ್ಲೋದು ನಿಪ್ಪಾಣಿ, ಸಂಕೇಶ್ವರದಲ್ಲೇ. ಅಲ್ಲಿನ ಗಾಳಿ ಶುದ್ಧ, ಇಲ್ಲಿನದು?

ಫಿಲ್ಟರ್ ಕೂರಿಸಬಾರದಾ ಅಂತ ಮೆಕ್ಯಾನಿಕಲ್‌ನವರು ಕೇಳಬಹುದು. ಡಿಪಿಎಫ್ ಒಳಗೆ ಕೂತ ಮಸಿ ತಾನಾಗೇ ಸುಡಬೇಕಾದ್ರೆ ಸೈಲೆನ್ಸರಿನ ಗಾಳಿ ಸಾಕಷ್ಟು ಬಿಸಿ ಇರಬೇಕು. ನಿಂತು ನಿಂತು ಹೋಗೋ ಪೇಟೆ ಓಟದಲ್ಲಿ ಅಷ್ಟು ಕಾವು ಏರೋದು ಕಷ್ಟ. ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗೆ ಇಂಧನ ಹೆಚ್ಚಿಸಿ ಅದನ್ನ ಬಿಸಿ ಮಾಡೋ ಇಸಿಯು ಕೂಡ ಇಲ್ಲ. ಫಿಲ್ಟರ್ ಕಟ್ಟಿಕೊಳ್ತದೆ, ಗಾಡಿ ಎಳೆಯೋದಿಲ್ಲ.

ಇನ್ನೊಂದು ದಾರಿ, ಊರಾಚೆ ಸರಕು ಇಳಿಸಿ ಎಲೆಕ್ಟ್ರಿಕ್ ಗಾಡಿಗೆ ಹೇರೋದು. ಇದು ಸರಕಿನ ಮೇಲೆ ನಿಂತಿದೆ. ಅಥಣಿ ಚಪ್ಪಲಿಯ ಡಬ್ಬಿ, ಒಣದ್ರಾಕ್ಷಿಯ ಬಾಕ್ಸು ಎರಡು ಸಲ ಎತ್ತಿಳಿಸಿದ್ರೂ ಏನೂ ಆಗಲ್ಲ, ಹಮಾಲಿ ಅಷ್ಟೇ ಜಾಸ್ತಿ. ಟೊಮ್ಯಾಟೊ, ಕೊತ್ತಂಬರಿಗೆ ಹಾಗಲ್ಲ. ಲಿಲಾವಿನ ಹೊತ್ತಿಗೆ ಅರ್ಧ ಗಂಟೆ ತಡವಾದ್ರೂ ದರ ಹೋಯ್ತು. ಚಪ್ಪಲಿಯಿಂದ ಶುರು ಮಾಡಿ, ಟೊಮ್ಯಾಟೊಗೆ ಹೆಚ್ಚು ವಾಯಿದೆ ಕೊಡೋದು ನ್ಯಾಯ.

ನನಗನ್ನಿಸೋದು ಇಷ್ಟು: ಗಾಡಿಯ ಹುಟ್ಟಿದ ವರ್ಷ ನೋಡದೆ ಬಿಎಸ್ ಮಟ್ಟ ನೋಡಬೇಕು. ದಿಲ್ಲಿಯೂ ಹೊರಳಿದ್ದು ಆ ಕಡೆಗೇ: 2025ರ ಆಗಸ್ಟ್‌ನಲ್ಲಿ ವಯಸ್ಸಿನ ಕಾರಣಕ್ಕೆ ಕ್ರಮ ಬೇಡ ಎಂದಿದ್ದ ಸುಪ್ರೀಂ ಕೋರ್ಟ್, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನ ಬಿಎಸ್-4 ಮತ್ತು ಮೇಲಿನವಕ್ಕೆ ಮಾತ್ರ ಉಳಿಸಿತು. ಜೊತೆಗೆ ದುಡ್ಡು ಬೇಕು. ಲಂಡನ್ 2023ರಲ್ಲಿ ವಲಯ ಹಿಗ್ಗಿಸಿದಾಗ ಸಣ್ಣ ವ್ಯಾಪಾರಿಗಳು ಹಳೇ ವ್ಯಾನ್ ಗುಜರಿಗೆ ಹಾಕಿದ್ರೆ 7,000 ಪೌಂಡ್ ಕೊಟ್ಟಿತು. ಆದ್ರೆ ಅದು ಲಂಡನ್ನಿನ ಬರೋಗಳವರಿಗೆ. ಹೊರಗಿಂದ ದಿನಾ ಬರೋ ಗಾಡಿಯವನಿಗೆ ಶುಲ್ಕ ಇತ್ತು, ನೆರವು ಇರಲಿಲ್ಲ. ಕೊಲ್ಹಾಪುರ, ಸಾಂಗ್ಲಿಯ ಲೆಕ್ಕದಲ್ಲಿ ಆ ಹೊರಗಿನವರು ನಾವು.

ರಜೆಗೆ ಊರಿಗೆ ಹೋದಾಗ ಮನೆ ಗಾಡಿಯ ನಂಬರನ್ನ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ, ಬಿಎಸ್ ಮಟ್ಟ ಅಲ್ಲಿ ಸಿಗುತ್ತೆ. ಬಿಎಸ್-3 ಅಂತ ಬಂದ್ರೆ, ಅದರ ಮೇಲೆ ಹೊಸ ಸಾಲ ಎತ್ತೋ ಮೊದಲು ಅಪ್ಪನ ಹತ್ರ ಒಂದು ಮಾತು ಆಡಿ.