ವಾದ್ಯದ ಪರಿಚಯ, ವಾದಕನ ಪರಿಚಯ

ಸಂಗೀತವಾದ್ಯಗಳನ್ನು ಕುರಿತ ಪಾಠ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕು ಶಬ್ದಗಳಿಂದ ಮೊದಲಾಗುತ್ತದೆ: ತತ, ಸುಷಿರ, ಅವನದ್ಧ, ಘನ. ತಂತಿಯಿಂದ ನುಡಿಯುವುದು ತತ. ಉಸಿರಿನಿಂದ ನುಡಿಯುವುದು ಸುಷಿರ. ಚರ್ಮವನ್ನು ಬಿಗಿದದ್ದು ಅವನದ್ಧ. ತಾಳ, ಗಂಟೆಗಳಂತೆ ತನ್ನ ಮೈಯಿಂದಲೇ ನಾದ ಹೊರಡಿಸುವುದು ಘನ. ಭರತನ ನಾಟ್ಯಶಾಸ್ತ್ರದಿಂದ ನಡೆದುಬಂದ ಈ ವಿಂಗಡಣೆ ಅಲ್ಪವಾದುದಲ್ಲ. 1876ರಲ್ಲಿ ಕಲ್ಕತ್ತೆಯ ಸೌರೀಂದ್ರಮೋಹನ ಠಾಕೂರರು ಬೆಲ್ಜಿಯಂ ದೇಶದ ದೊರೆಗೆ ಭಾರತೀಯ ವಾದ್ಯಗಳ ಸಂಗ್ರಹವೊಂದನ್ನು ಕಾಣಿಕೆಯಾಗಿ ಕಳುಹಿಸಿಕೊಟ್ಟರು. ಬ್ರಸೆಲ್ಸ್ ನಗರದ ಸಂಗೀತ ವಿದ್ಯಾಲಯದಲ್ಲಿ ವಾದ್ಯಗಳ ಪಾಲಕನಾಗಿದ್ದ ವಿಕ್ಟರ್ ಮಾಹಿಲ್ಲೊನ್ ಎಂಬ ವಿದ್ವಾಂಸ 1880ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಜಗತ್ತಿನ ವಾದ್ಯಗಳನ್ನೆಲ್ಲ ಇದೇ ಬಗೆಯ ನಾಲ್ಕು ವರ್ಗಗಳಲ್ಲಿ ಅಡಕಗೊಳಿಸಿದ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬ ಇಬ್ಬರು ಪಂಡಿತರು ಅದನ್ನು ಇನ್ನಷ್ಟು ವಿಸ್ತರಿಸಿದರು. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಆ ಪದ್ಧತಿಯೇ.

ಇಷ್ಟೊಂದು ಗೌರವವುಳ್ಳ ನಾಲ್ಕು ಶಬ್ದಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕಗಳೂ ದೊರೆಯುತ್ತವೆ. ಆದರೆ ಅವರಿಗೆ ಒಂದಾದರೂ ವಾದ್ಯದ ಪರಿಚಯವಾಯಿತೆ? ಮತದಾರರ ಪಟ್ಟಿಯನ್ನು ಓದಿದವನಿಗೆ ಊರಿನ ಪರಿಚಯ ಎಷ್ಟು ಆದೀತೋ ಅಷ್ಟೆ. ವಾದ್ಯವೊಂದರ ನಿಜವಾದ ಪರಿಚಯವಾಗುವುದು, ಅದನ್ನೇ ನಂಬಿ ಬದುಕುವ ಒಬ್ಬ ಕಲಾವಿದ ಅದರೊಡನೆ ನಮ್ಮೆದುರಿಗೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಬಂದು ಕುಳಿತಾಗ ಎಂಬುದು ನನ್ನ ನಂಬುಗೆ.

ಈ ಮಾತನ್ನು ನಾನು ಬಾನುಲಿಯ ಮೂಲಕ ಆಡುತ್ತಿರುವುದರಲ್ಲಿ ಸ್ವಲ್ಪ ವಿನೋದವಿದೆ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ನಿಲಯದೊಡನೆ 'ಆಕಾಶವಾಣಿ' ಎಂಬ ಹೆಸರು ನಮ್ಮಲ್ಲಿ ನೆಲೆಗೊಂಡಿತು. ಅರಮನೆಯ ದರ್ಬಾರಿಗೂ ಸಭೆಗಳ ಕಚೇರಿಗೂ ಹೋಗಲಾರದಿದ್ದ ಲಕ್ಷಾಂತರ ಮಂದಿಯ ಮನೆಗೆ ಬಾನುಲಿ ಮಹಾವಿದ್ವಾಂಸರನ್ನು ಕರೆತಂದಿತು. ಆ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಅದು ಕರೆತಂದದ್ದು ನಾದವನ್ನು ಮಾತ್ರ. ಆ ನಾದವನ್ನು ಹೊರಡಿಸಿದ ಕೈ, ಆ ಕೈಗೆ ಕಟ್ಟಿದ ಗಂಟು, ವಾದ್ಯವನ್ನು ಶ್ರುತಿಗೊಳಿಸಲು ತೆಗೆದುಕೊಂಡ ಕಾಲು ಗಂಟೆಯ ಸಹನೆ, ಇವು ನಮಗೆ ಕಾಣಲಿಲ್ಲ. ಈಗ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಚಿತ್ರವೂ ಬರುತ್ತದೆ, ನಿಜ. ಆದರೆ ಅಲ್ಲಿ ಬಹುಮಟ್ಟಿಗೆ ಕಾಣುವುದು ಸಿದ್ಧವಾದ ಕಚೇರಿ. ಅದರ ಹಿಂದಿನ ಸಿದ್ಧತೆಯಲ್ಲ. ಕಲಿಯುವವನಿಗೆ ಬೇಕಾದದ್ದು ಆ ಸಿದ್ಧತೆಯೇ.

ಮೃದಂಗವನ್ನೇ ತೆಗೆದುಕೊಳ್ಳೋಣ. ಕಚೇರಿಗೆ ಮುಂಚೆ ವಿದ್ವಾಂಸರು ರವೆಯನ್ನು ನೀರಿನಲ್ಲಿ ಕಲಸಿ ಎಡಮುಖದ ನಡುವೆ ಮೆತ್ತುತ್ತಾರೆ. ಮೆತ್ತುವುದಕ್ಕೆ ಮೊದಲು ಬಡಿದರೆ ಬರಿಯ ಸಪ್ಪಳ. ಮೆತ್ತಿದ ಮೇಲೆ ಬಡಿದರೆ ಗಂಭೀರವಾದ ಗುಂಕಾರ. ಕಚೇರಿ ಮುಗಿದೊಡನೆ ಅದನ್ನು ಕೆರೆದು ತೆಗೆಯುತ್ತಾರೆ. ಬಲಮುಖದ ಕಪ್ಪು ಕರಣೆಯಾದರೋ ಹೀಗೆ ದಿನದಿನವೂ ಹಚ್ಚಿ ತೆಗೆಯುವಂಥದಲ್ಲ. ಒಂದು ಬಗೆಯ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರದ ಮೇಲೆ ಪದರವಾಗಿ ತಿಕ್ಕಿ ತಿಕ್ಕಿ ಕೂರಿಸಿದ್ದು ಅದು. ಅದರ ರಹಸ್ಯವನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿದವರು ಸಿ. ವಿ. ರಾಮನ್. ಸಾಧಾರಣವಾದ ಚರ್ಮವಾದ್ಯದಲ್ಲಿ ಮೂಲಸ್ವರದೊಡನೆ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಅದು ಸದ್ದು ಮಾಡುತ್ತದೆಯೇ ಹೊರತು ಸ್ವರ ನುಡಿಯುವುದಿಲ್ಲ. ಮೃದಂಗದಲ್ಲಿ ನಡುವಿನ ಕರಣೆಯ ಭಾರದಿಂದ ಆ ಉಪಸ್ವರಗಳು ಮೂಲಸ್ವರದೊಡನೆ ಮೇಳಗೊಳ್ಳುತ್ತವೆ. 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಈ ವಿಷಯವನ್ನು ಪ್ರಕಟಿಸಿದ ರಾಮನ್, ಬೆಂಗಳೂರಿಗೆ ಬಂದ ಬಳಿಕ 1934ರಲ್ಲಿ ಅದನ್ನೇ ಇನ್ನೂ ವಿಸ್ತಾರವಾಗಿ ವಿವರಿಸಿದರು. ರವೆಯ ಮುದ್ದೆ ಹಚ್ಚುವ ಮುನ್ನ ಮತ್ತು ಹಚ್ಚಿದ ಬಳಿಕ ಒಂದೊಂದು ಪೆಟ್ಟನ್ನು ತನ್ನ ಕಿವಿಯಿಂದಲೇ ಕೇಳಿದ ಹುಡುಗನಿಗೆ ಈ ಭೌತಶಾಸ್ತ್ರ ಮುಂದೆಂದೂ ಒಣ ಪಾಠವೆನಿಸದು.

ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಇದನ್ನು ಮಾಡಿದವರು ಯಾರು? ಹಲಸಿನ ಮರವನ್ನು ಕೊರೆದವರು ಯಾರು? ಹಸು, ಆಡು, ಎಮ್ಮೆಗಳ ಚರ್ಮವನ್ನು ಆರಿಸಿ, ಹದಮಾಡಿ, ಬಿಗಿದವರು ಯಾರು? ವೇದಿಕೆಯ ಮೇಲೆ ದೇವವಾದ್ಯವೆನಿಸಿಕೊಳ್ಳುವ ಮೃದಂಗದ ಹಿಂದೆ, ಚರ್ಮದ ಕೆಲಸವೆಂಬ ಕಾರಣಕ್ಕೆ ಸಮಾಜ ದೂರವಿಟ್ಟ ಕುಟುಂಬಗಳ ಶ್ರಮವೂ ಕಿವಿಯ ಸೂಕ್ಷ್ಮತೆಯೂ ಇವೆ. ತಮಿಳುನಾಡಿನ ಇಂಥ ಕುಶಲಿಗಳನ್ನು ಕುರಿತು ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಇಡಿಯ ಗ್ರಂಥವನ್ನೇ ಬರೆದಿದ್ದಾರೆ. ವಾದ್ಯದ ಚಿತ್ರವನ್ನಷ್ಟೇ ತೋರಿಸುವ ಪಾಠದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ವಾದಕನೆದುರು ಕುಳಿತ ಮಗು ಮೊದಲು ಕೇಳುವುದೇ ಇದನ್ನು.

ತಂಬೂರಿಯ ವಿಷಯವೂ ಹೀಗೆಯೇ. ನಾಲ್ಕು ತಂತಿಗಳನ್ನು ಮೀಟುತ್ತ ಕುಳಿತಿರುವುದರಲ್ಲಿ ಏನು ವಿದ್ಯೆಯಿದೆ ಎಂದು ಕೇಳುವವರುಂಟು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ಹತ್ತಿಯ ದಾರವಿರುತ್ತದೆ. ಅದೇ ಜೀವಾಳಿ. ಶಾಲೆಯೊಂದರಲ್ಲಿ ಕಲಾವಿದರೊಬ್ಬರು ಆ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಾಗ, ಅದುವರೆಗೆ ಮುಚ್ಚಿಕೊಂಡಂತಿದ್ದ ನಾದ ಥಟ್ಟನೆ ಅರಳಿ ಕೊಠಡಿಯನ್ನೆಲ್ಲ ತುಂಬಿದ್ದನ್ನೂ, ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿದ್ದ ಮಕ್ಕಳು ಮಾತು ನಿಲ್ಲಿಸಿದ್ದನ್ನೂ ನಾನು ಕಂಡಿದ್ದೇನೆ. ವೀಣೆ, ತಂಬೂರಿಗಳ ಕುದುರೆಯ ಈ ವೈಶಿಷ್ಟ್ಯವನ್ನು ಕುರಿತೂ ರಾಮನ್ 1921ರಲ್ಲಿ ಬರೆದಿದ್ದಾರೆ. ಆದರೆ ದಾರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಯಾವ ಲೇಖನದಲ್ಲಿಯೂ ಇಲ್ಲ. ಅದು ಕಿವಿಗೆ ಮಾತ್ರ ಗೊತ್ತು. ನಮ್ಮ ಗಡಿಗೆ ಸಮೀಪದ ಮಿರಜಿನಲ್ಲಿ ಸಿತಾರ್, ತಂಬೂರಿಗಳನ್ನು ತಲೆಮಾರುಗಳಿಂದ ತಯಾರಿಸುತ್ತ ಬಂದ ಮನೆತನಗಳಿವೆ. 2024ರಲ್ಲಿ ಆ ಊರಿನ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತು. ಶಾಲೆಗೆ ನಾವು ಯಾವ ವಾದಕರನ್ನು ಕರೆಯುತ್ತೇವೆ? ವೀಣೆ, ಪಿಟೀಲುಗಳನ್ನು ಕರೆಯುತ್ತೇವೆ, ಅದು ಸರಿಯೆ. ಪಶ್ಚಿಮದಿಂದ ಬಂದ ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಥೆಯನ್ನೂ, ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಅಳವಡಿಸಿ ನಾದವನ್ನು ಹಿಗ್ಗಿಸಿದ ಕಥೆಯನ್ನೂ ನಮ್ಮ ಮಕ್ಕಳು ಕೇಳಲೇಬೇಕು. ಆದರೆ ಓಲಗದವರನ್ನು ಕರೆಯುತ್ತೇವೆಯೆ? ತಮಟೆಯವರನ್ನು ಕರೆಯುತ್ತೇವೆಯೆ?

ನಾಗಸ್ವರ ನಾವೆಲ್ಲರೂ ಕೇಳಿರುವ, ಆದರೆ ಕಿವಿಗೊಟ್ಟು ಆಲಿಸದಿರುವ ವಾದ್ಯ. ಮದುವೆಯ ಮನೆಯಲ್ಲಿ 'ಗಟ್ಟಿಮೇಳ' ಎಂದು ಕೂಗಿದಾಗ ಮಾತ್ರ ಅದರ ನೆನಪು. ಏಳು ರಂಧ್ರಗಳ ಆ ಉದ್ದನೆಯ ಕೊಳವೆಯಲ್ಲಿ ಗಮಕವನ್ನು ತುಂಬುವುದು ಬೆರಳಿನ ಅರೆಮುಚ್ಚು ಮತ್ತು ಉಸಿರಿನ ಹಿಡಿತ. ಬಾಯಲ್ಲಿಡುವ ಜೊಂಡಿನ ಪೀಪಿ ಎಷ್ಟು ನವುರಾದುದೆಂದರೆ, ವಾದಕ ಹಲವನ್ನು ದಾರದಲ್ಲಿ ಪೋಣಿಸಿ ವಾದ್ಯಕ್ಕೇ ತೂಗುಹಾಕಿಕೊಂಡಿರುತ್ತಾನೆ. ತಮಟೆಯನ್ನು ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುವುದನ್ನು ಹಳ್ಳಿಯ ಮಕ್ಕಳು ಬಲ್ಲರು. ಅದು ಶ್ರುತಿ ಮಾಡುವ ಕ್ರಮ, ಕಾವಿಗೆ ಚರ್ಮ ಬಿಗಿಯುತ್ತದೆ ಎಂದು ಅವರಿಗೆ ಹೇಳಿದವರು ವಿರಳ. 2023ರಲ್ಲಿ ತಮಟೆಯ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತು. ಸರ್ಕಾರ ಗುರುತಿಸಿದ್ದನ್ನು ಶಾಲೆಯೂ ಗುರುತಿಸಬೇಡವೆ? ಕೆಲವೇ ವಾದ್ಯಗಳನ್ನು ಕರೆದು ಉಳಿದವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಮಕ್ಕಳು ಸಂಗೀತದೊಡನೆ ಮೇಲುಕೀಳನ್ನೂ ಕಲಿಯುತ್ತಾರೆ. ಚಪ್ಪರದ ಮೂಲೆಯಲ್ಲಿ ನಿಲ್ಲುವ ವ್ಯಕ್ತಿ ತರಗತಿಯಲ್ಲಿ ಮೇಷ್ಟರ ಕುರ್ಚಿಯ ಮೇಲೆ ಕುಳಿತು ಪಾಠ ಹೇಳಿದಾಗ, ಅವನ ಮಗ ಅದೇ ತರಗತಿಯಲ್ಲಿದ್ದರೆ, ಆ ಹುಡುಗನಿಗೆ ಆ ದಿನ ದೊರೆಯುವುದು ಯಾವ ಪಠ್ಯಪುಸ್ತಕವೂ ಕೊಡಲಾರದ ವಸ್ತು.

ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ. 1977ರಲ್ಲಿ ದೆಹಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ಕಿರಣ್ ಸೇಠ್ ಅವರು ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆ ಹಿರಿಯ ಕಲಾವಿದರನ್ನು ಶಾಲೆ ಕಾಲೇಜುಗಳಿಗೆ ಕರೆದೊಯ್ದು, ನುಡಿಸುತ್ತ ವಿವರಿಸುವ ಸೋದಾಹರಣ ಭಾಷಣದ ಕ್ರಮವನ್ನು ದೇಶದಾದ್ಯಂತ ಹರಡಿತು. ದೊಡ್ಡ ಸಂಸ್ಥೆ ಇಲ್ಲದ ಊರಿನಲ್ಲಿಯೂ ಒಂದು ತರಗತಿ, ಒಂದು ಚಾಪೆ, ಒಬ್ಬ ವಾದಕ, ಇಷ್ಟಿದ್ದರೆ ಸಾಕು. ಮಕ್ಕಳ ಸಂಖ್ಯೆ ಮಿತವಾಗಿರಲಿ; ಧ್ವನಿವರ್ಧಕ ಬೇಡ. ವಾದಕರ ಅನುಮತಿ ಪಡೆದು ಮಕ್ಕಳು ವಾದ್ಯವನ್ನು ಮುಟ್ಟಿ ನೋಡಲಿ. ಮೃದಂಗದ ಚರ್ಮ ಎಷ್ಟು ದಿನ ಬಾಳುತ್ತದೆ, ಮದುವೆಯ ಕಾಲ ಮುಗಿದ ಮೇಲೆ ಜೀವನ ಹೇಗೆ ನಡೆಯುತ್ತದೆ, ನಿಮ್ಮ ಮಗಳೂ ನುಡಿಸುತ್ತಾಳೆಯೆ ಎಂದು ಧೈರ್ಯವಾಗಿ ಕೇಳಲಿ. ಇಂಥ ಪ್ರಶ್ನೆಗಳನ್ನು ಅಧಿಕಪ್ರಸಂಗವೆಂದು ಉಪಾಧ್ಯಾಯರು ತಡೆಯಬಾರದು. ಸಂಗೀತ ಒಂದು ಜೀವನೋಪಾಯ ಎಂಬ ಸತ್ಯವೂ ಸಂಗೀತದ ಪಾಠದಲ್ಲಿ ಸೇರಿದೆ. ಆ ಕಾರಣದಿಂದಲೇ ಇನ್ನೊಂದು ವಿನಂತಿ: ಬಂದವರಿಗೆ ಸಂಭಾವನೆ ಕೊಡಿ. ಹಾರ, ಶಾಲು, ನೆನಪಿನ ಕಾಣಿಕೆಗಳು ಗೌರವದ ಗುರುತುಗಳು, ನಿಜ. ಆದರೆ ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದವರ ಮನೆಯಲ್ಲಿ ಒಲೆ ಉರಿಯುವುದು ಅವುಗಳಿಂದಲ್ಲ.

ಹೀಗೆ ಮಾಡಿದರೆ ವಿದ್ಯಾರ್ಥಿಗಳೆಲ್ಲ ಸಂಗೀತಗಾರರಾಗುತ್ತಾರೆಯೆ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೂರರಲ್ಲಿ ಒಬ್ಬ ಕಲಿಯಲು ಹೊರಟರೆ ದೊಡ್ಡದು. ಉಳಿದವರು ಕೇಳುಗರಾಗುತ್ತಾರೆ. ನಾಳೆ ಅವರೇ ಮದುವೆ ಮಾಡುವ ಯಜಮಾನರು, ಉತ್ಸವ ನಡೆಸುವ ಸಮಿತಿಯವರು, ಕಲೆಗೆ ಹಣ ಮಂಜೂರು ಮಾಡುವ ಅಧಿಕಾರಿಗಳು. ಎಳವೆಯಲ್ಲಿ ಒಮ್ಮೆ ಓಲಗದವರ ಪಕ್ಕದಲ್ಲಿ ಕುಳಿತು ಆ ಪೀಪಿಯನ್ನು ಕೈಯಲ್ಲಿ ಹಿಡಿದು ನೋಡಿದವನು, ತನ್ನ ಮನೆಯ ಶುಭಕಾರ್ಯದ ದಿನ ಅವರಿಗೆ ಊಟವಾಯಿತೆ ಎಂದು ವಿಚಾರಿಸಿಯಾನು, ಒಂದು ರಾಗವನ್ನು ಪೂರ್ತಿಯಾಗಿ ನುಡಿಸಿರೆಂದು ಕೇಳಿಯಾನು. ನಿಮ್ಮ ಬಡಾವಣೆಯಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಅಂಥ ಒಬ್ಬ ಕಲಾವಿದರು ಇದ್ದಾರು. ಶಾಲೆಯ ಪರವಾಗಿ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ ಕರೆಯಬೇಕು, ಅಷ್ಟೆ.