ಮನೆಯ ಮರಗೆಲಸದ ಕೋಣೆ: ಕಾಣುವ ಹೊಟ್ಟಿಗಿಂತ ಕಾಣದ ದೂಳೇ ಅಪಾಯ

ಮನೆಯ ಕಾರ್ ಶೆಡ್ಡಿನಲ್ಲೋ ತಾರಸಿಯ ಕೋಣೆಯಲ್ಲೋ ಗರಗಸ, ಕೀಸುಳಿಗಳನ್ನು ಇಟ್ಟುಕೊಂಡು ಬಿಡುವಿನಲ್ಲಿ ಮರಗೆಲಸ ಮಾಡುವ ಹವ್ಯಾಸಿಗಳು ನಮ್ಮ ನಗರಗಳಲ್ಲಿಯೂ ಇದ್ದಾರೆ. ಯಂತ್ರಗಳ ಆಯ್ಕೆಗೆ ತಿಂಗಳುಗಟ್ಟಲೆ ವಿಚಾರಿಸುವವರು ದೂಳು ಹೀರುವ ಸಾಧನದ ಮಾತು ಬಂದಾಗ ಮಾತ್ರ 'ಆಮೇಲೆ ನೋಡೋಣ' ಎನ್ನುವುದುಂಟು. ನೆಲಕ್ಕೆ ಬಿದ್ದ ಹೊಟ್ಟನ್ನು ಗುಡಿಸಿದರೆ ಸಾಕೆಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಪೊರಕೆಗೆ ಸಿಗುವ ಹೊಟ್ಟು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಇಳಿಯುವುದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಪುಡಿ. ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನ್ ಗಾತ್ರದ ಕಣವು ಎದೆಮಟ್ಟದಿಂದ ನೆಲ ಮುಟ್ಟಲು ಕೆಲವು ನಿಮಿಷ ಸಾಕು; 1 ಮೈಕ್ರಾನ್ ಕಣಕ್ಕೆ ಹಲವು ಗಂಟೆಗಳೇ ಬೇಕು. ಗರಗಸ ನಿಲ್ಲಿಸಿ ಊಟ ಮುಗಿಸಿ ಬಂದಾಗಲೂ ಅದು ಅಲ್ಲಿಯೇ ಇರುತ್ತದೆ.

ಇಂಗ್ಲೆಂಡಿನ ಪೀಠೋಪಕರಣ ಕಾರ್ಮಿಕರಲ್ಲಿ ಮೂಗಿನ ಕುಹರದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ವೈದ್ಯರು 1968ರಲ್ಲಿಯೇ ವರದಿ ಮಾಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದು ವರ್ಷಾನುಗಟ್ಟಲೆ ದಿನವಿಡೀ ದುಡಿದವರ ಕಥೆ, ಭಾನುವಾರದ ಹವ್ಯಾಸಿಯ ಅಪಾಯ ಅಷ್ಟಿಲ್ಲ ಎಂಬುದು ನಿಜ. ಆದರೆ ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಉಪ್ಪು ಕಾಗದ ಹಿಡಿದು ಕೂತರೆ ದೂಳಿನ ಸಾಂದ್ರತೆ ಬೇಗನೆ ಏರುತ್ತದೆ. ಬೀಟೆ, ತೇಗಗಳ ಪುಡಿ ಕೆಲವರ ಚರ್ಮಕ್ಕೂ ಆಗುವುದಿಲ್ಲ. ಎಂಡಿಎಫ್ ಹಲಗೆಯ ಪುಡಿ ಬಲು ನಯ, ಜೊತೆಗೆ ಫಾರ್ಮಾಲ್ಡಿಹೈಡ್ ಬೆರೆತ ಅಂಟು ಬೇರೆ.

ಕಡಿಮೆ ಖರ್ಚಿನ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಒಣ-ಹಸಿ ಎರಡನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್. ಇದರ ಸೆಳೆತ ಜೋರು, ಆದರೆ ಸಣ್ಣ ಕೊಳವೆಯ ಮೂಲಕ ಎಳೆಯುವ ಗಾಳಿಯ ಪ್ರಮಾಣ ಕಡಿಮೆ: ನಿಮಿಷಕ್ಕೆ ಸುಮಾರು 100 ಘನ ಅಡಿ. ಸ್ಯಾಂಡರ್, ಕೈಗರಗಸದಂತಹ ಚಿಕ್ಕ ಯಂತ್ರಗಳಿಗೆ ಅಷ್ಟು ಸಾಕು. ಇನ್ನೊಂದು, ದೊಡ್ಡ ಪಂಖ ಮತ್ತು 4 ಇಂಚಿನ ಕೊಳವೆಯ ಡಸ್ಟ್ ಕಲೆಕ್ಟರ್. ಸೆಳೆತ ಮೆದು, ಗಾಳಿ ಹೇರಳ. ಮೇಜುಗರಗಸ, ಪ್ಲೇನರ್ ಯಂತ್ರಗಳಿಗೆ ನಿಮಿಷಕ್ಕೆ 350-400 ಘನ ಅಡಿಯಾದರೂ ಬೇಕಾದ್ದರಿಂದ ಅಲ್ಲಿ ಇದೇ ಆಗಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಮಾತ್ರ ನಂಬಬೇಡಿ. ಕೊಳವೆ, ಫಿಲ್ಟರ್ ಜೋಡಿಸದೆ ಅಳೆದ ಲೆಕ್ಕ ಅದಾಗಿರಬಹುದು. 4 ಇಂಚಿನ ಕೊಳವೆಯನ್ನು ಅಡಾಪ್ಟರ್ ಹಾಕಿ 2 ಇಂಚಿಗೆ ಇಳಿಸಿದರೆ ಗಾಳಿಯ ದಾರಿ ಕಾಲು ಭಾಗಕ್ಕೆ ಇಳಿಯುತ್ತದೆ. ಸುಕ್ಕುಸುಕ್ಕಾದ ಉದ್ದನೆಯ ಹೋಸ್ ಉಳಿದದ್ದನ್ನೂ ತಿನ್ನುತ್ತದೆ.

ಹಣ ಪೋಲಾಗುವುದು ಫಿಲ್ಟರ್ ವಿಷಯದಲ್ಲಿ. ಅಗ್ಗದ ಕಲೆಕ್ಟರಿನ ಬಟ್ಟೆಚೀಲ 30 ಮೈಕ್ರಾನಿನದಾಗಿದ್ದರೆ ಅದು ಹೊಟ್ಟನ್ನು ಹಿಡಿದಿಟ್ಟು, ನಿಜಕ್ಕೂ ಹಿಡಿಯಬೇಕಾದ ಪುಡಿಯನ್ನು ಕೋಣೆಗೆಲ್ಲ ಎರಚುತ್ತದೆ. ನೆಲ ಚೊಕ್ಕಟ, ಗಾಳಿ ಕೊಳಕು. ಇಂಥದ್ದನ್ನು ಕೋಣೆಯೊಳಗೆ ಓಡಿಸುವುದಕ್ಕಿಂತ ಕಿಟಕಿ ತೆರೆದು ಗುಡಿಸುವುದೇ ವಾಸಿ. ಅಶ್ವಶಕ್ತಿಗೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು 1 ಮೈಕ್ರಾನ್ ಅಥವಾ ಅದಕ್ಕಿಂತ ನಯವಾದ ಫಿಲ್ಟರಿಗೆ ತೆಗೆದಿಡುವುದು ಜಾಣತನ. ವ್ಯಾಕ್ಯೂಮ್ ಕ್ಲೀನರಿಗಾದರೆ ಹೆಪಾ ಫಿಲ್ಟರ್ ಇರಲಿ.

ಈ ಕುರಿತು ಬಂದಿರುವ ಬರಹಗಳಲ್ಲಿ ಹೆಚ್ಚಿನವು ಚಳಿದೇಶಗಳವು. ಅಲ್ಲಿ ಹೀಟರ್ ಇಟ್ಟು ಬೆಚ್ಚಗಾಗಿಸಿದ ಗಾಳಿಯನ್ನು ಹೊರಗೆ ಬಿಟ್ಟರೆ ನಷ್ಟ; ಆದ್ದರಿಂದ ಸೋಸಿ ಮತ್ತೆ ಒಳಗೇ ಬಿಡಬೇಕು, ಫಿಲ್ಟರಿಗೆ ದುಬಾರಿ ಬೆಲೆ ತೆರಬೇಕು. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಆ ಹಂಗಿಲ್ಲ. ಸ್ವಂತ ಮನೆಯಿದ್ದು ಹಿತ್ತಿಲಿದ್ದರೆ ಕಲೆಕ್ಟರನ್ನು ಗೋಡೆಯಾಚೆ, ಮಳೆ ತಾಗದಂತೆ ತಗಡಿನ ಮಾಡಿನಡಿ ಇಟ್ಟು ಕೊಳವೆಯನ್ನಷ್ಟೇ ಒಳಗೆ ತರಬಹುದು. ಎದುರುಗೋಡೆಯ ಕಿಟಕಿ ತೆರೆದಿದ್ದು, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ತಿರುಗಿದರೆ ಇನ್ನೂ ಒಳ್ಳೆಯದು. ನೆರೆಮನೆಯ ಬಟ್ಟೆ ಒಣಗುವ ತಂತಿ ಎಲ್ಲಿದೆಯೆಂದು ಮಾತ್ರ ಮೊದಲೇ ನೋಡಿಕೊಳ್ಳಿ. ಅಪಾರ್ಟ್‌ಮೆಂಟ್ ವಾಸಿಗಳಿಗೆ ಈ ದಾರಿಯಿಲ್ಲ.

ಹಾಗಿದ್ದರೆ ಮೊದಲು ಕೊಳ್ಳಬೇಕಾದದ್ದು? ಮಾಸ್ಕ್. ಬಾಯಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ದೂಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ-2 ಆಗಬೇಕು; ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ನಂತರ ವ್ಯಾಕ್ಯೂಮ್ ಕ್ಲೀನರ್, ಅದರ ಮುಂದೆ ಒಂದು ಸೈಕ್ಲೋನ್. ಶಂಕುವಿನಾಕಾರದ ಈ ಪ್ಲಾಸ್ಟಿಕ್ ಸಾಧನದೊಳಗೆ ಗಾಳಿ ಗಿರ್ರನೆ ಸುತ್ತುವಾಗ ಭಾರದ ಹೊಟ್ಟು ಗೋಡೆಗೆ ಬಡಿದು ಕೆಳಗಿನ ಡ್ರಮ್ಮಿಗೆ ಬೀಳುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ, ಸೆಳೆತ ಕುಗ್ಗುವುದಿಲ್ಲ. ಡ್ರಮ್ ಗಟ್ಟಿಯಾಗಿರಲಿ, ಕೊಳವೆ ಕಟ್ಟಿಕೊಂಡಾಗ ತೆಳು ಡಬ್ಬ ಒಳಕ್ಕೆ ಕುಸಿಯುತ್ತದೆ. ಮೇಜುಗರಗಸ ಬಂದ ಮೇಲಷ್ಟೇ ಡಸ್ಟ್ ಕಲೆಕ್ಟರಿನ ಯೋಚನೆ ಸಾಕು.

ಫಿಲ್ಟರನ್ನು ಹೊರಗೆ ಒಯ್ದು, ಮಾಸ್ಕ್ ತೊಟ್ಟೇ ಕೊಡವಬೇಕು. ಉಳಿ ಮಸೆಯುವ ಗ್ರೈಂಡರಿಗೆ ಈ ಕೊಳವೆಯನ್ನು ಎಂದಿಗೂ ಜೋಡಿಸಬೇಡಿ. ಅದರ ಕಿಡಿ ಡ್ರಮ್ಮಿನ ಹೊಟ್ಟಿನಲ್ಲಿ ಸದ್ದಿಲ್ಲದೆ ಉರಿಯುತ್ತಿದ್ದು, ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು.