ಸತ್ತ ಚಿಕ್ಕಪ್ಪನ ಶೇರು, ಅಪರಿಚಿತರ ಫೋನು
ನಾಶಿಕ್, ಸಂಭಾಜಿನಗರದ ಕನ್ನಡಿಗರು ಸಹಿ ಹಾಕುವ ಮೊದಲು ತಿಳಿಯಬೇಕಾದ ಸಂಗತಿ

ನಾಶಿಕ್: "ನಿಮ್ಮ ಚಿಕ್ಕಪ್ಪನ ಹೆಸರಿನಲ್ಲಿ ಶೇರುಗಳಿವೆ. ನೀವೇ ವಾರಸುದಾರರು. ಯಾವ ಕಂಪೆನಿ, ಎಷ್ಟು ಶೇರು ಎಂಬುದನ್ನು ಕರಾರು ಪತ್ರಕ್ಕೆ ಸಹಿ ಹಾಕಿದ ಮೇಲೆ ಹೇಳುತ್ತೇವೆ." ಸಾತ್ಪುರ, ಅಂಬಡ್ ಕಾರ್ಖಾನೆಗಳಿಂದ ನಿವೃತ್ತರಾದವರ ಮನೆಗೋ, ಓಝರ್‌ನ ಎಚ್‌ಎಎಲ್ ನೌಕರರ ಮನೆಗೋ, ವಾಳೂಜ್ ರಸ್ತೆಯ ಹೊಟೇಲಿನ ಗಲ್ಲಾಪೆಟ್ಟಿಗೆಗೋ ಇಂತಹ ಫೋನು ಬಂದರೆ ಮೊದಲು ಹುಟ್ಟುವುದು ಸಂಶಯ. ಅದರ ಬೆನ್ನಿಗೇ ಆಸೆ.

ಫೋನು ಮೋಸವೇ ಆಗಿರಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದೆ ಸತ್ತವರ ಆಸ್ತಿಗೆ ದೂರದ ನೆಂಟರನ್ನು ಹುಡುಕಿ, ಪಾಲು ಪಡೆಯುವ ಸಂಸ್ಥೆಗಳು ಬಹುಕಾಲದಿಂದ ಇವೆ. ನಮ್ಮಲ್ಲಿ ಈ ದಂಧೆ ಬೆಳೆದಿರುವುದು ಮನೆ, ಜಮೀನಿನ ಸುತ್ತ ಅಲ್ಲ, ಮರೆತುಹೋದ ಶೇರುಗಳ ಸುತ್ತ. ಇದಕ್ಕೆ ಕಾರಣ ಒಂದು ಕಾನೂನು. 2013ರ ಕಂಪೆನಿ ಕಾಯಿದೆಯ 124ನೇ ಕಲಮಿನ ಪ್ರಕಾರ ಸತತ 7 ವರ್ಷ ಡಿವಿಡೆಂಡ್ ಪಡೆಯದಿದ್ದರೆ ಆ ಹಣವೂ ಶೇರುಗಳೂ ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ ಹೋಗುತ್ತವೆ. ಹೀಗೆ ಹೋಗುವ ಮೊದಲು ಕಂಪೆನಿಗಳು ಶೇರುದಾರರ ಹೆಸರು, ವಿಳಾಸ, ಫೋಲಿಯೋ ಸಂಖ್ಯೆಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಫೋನು ಮಾಡಿದವರು ತೆಗೆದದ್ದೂ ಆ ಪಟ್ಟಿಯಿಂದಲೇ. ಗುಟ್ಟು ಎಂದು ಅವರು ಮಾರುವುದು ಎಲ್ಲರಿಗೂ ತೆರೆದಿಟ್ಟ ಮಾಹಿತಿ.

ಹಳೆಯ ಒಂದು ಕಾಗದಕ್ಕೆ ಅಷ್ಟು ಬೆಲೆ ಇರುತ್ತದೆಯೇ ಎಂದು ಕೇಳುವವರು ಇನ್ಫೋಸಿಸ್ ಲೆಕ್ಕ ನೋಡಬೇಕು. 1993ರಲ್ಲಿ ತಲಾ 95 ರೂಪಾಯಿಗೆ 100 ಶೇರು ಕೊಂಡು ಪೆಟ್ಟಿಗೆಯಲ್ಲಿಟ್ಟು ಮರೆತವರ ಖಾತೆಯಲ್ಲಿ, ಬೋನಸ್ ಮತ್ತು ವಿಭಜನೆ ಸೇರಿ, 2018ರ ಹೊತ್ತಿಗೆ 1,02,400 ಶೇರುಗಳಾಗಿದ್ದವು. ಎಲ್ಲರ ಪೆಟ್ಟಿಗೆಯಲ್ಲೂ ಇನ್ಫೋಸಿಸ್ ಇರುವುದಿಲ್ಲ ಎಂಬುದು ಬೇರೆ ಮಾತು. ಮುಚ್ಚಿಹೋದ ಕಂಪೆನಿಗಳ ಕಾಗದವೇ ಹೆಚ್ಚು.

ಪರಊರಿನಲ್ಲಿ ದುಡಿದವರ ವಿಷಯದಲ್ಲಿ ಈ ಮರೆವು ಸಹಜ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಉಡುಪಿ ಕಡೆಯ ಅವಿವಾಹಿತ ಚಿಕ್ಕಪ್ಪ ನಾಶಿಕ್ ರೋಡಿನ ಹೊಟೇಲಿನಲ್ಲಿ ಮೂವತ್ತು ವರ್ಷ ದುಡಿದರು. ಯಾರದೋ ಮಾತು ಕೇಳಿ ಶೇರಿಗೆ ಅರ್ಜಿ ಹಾಕಿದರು. ವಿಳಾಸಕ್ಕೆ ಹೊಟೇಲಿನ ಹೆಸರು ಕೊಟ್ಟರು. ಹೊಟೇಲು ಕೈಬದಲಾಯಿತು, ಡಿವಿಡೆಂಡ್ ವಾರಂಟುಗಳು ಹಿಂದೆ ಹೋದವು, ಚಿಕ್ಕಪ್ಪ ಊರಿಗೆ ಮರಳಿ ತೀರಿಕೊಂಡರು. ಮನೆಯವರಿಗೆ ಸಿಕ್ಕಿದ್ದು ಒಂದು ಟ್ರಂಕು, ಎರಡು ಪಂಚೆ. ಹತ್ತು ವರ್ಷದ ಮೇಲೆ ಸಂಭಾಜಿನಗರದಲ್ಲಿರುವ ಅಣ್ಣನ ಮಗನಿಗೆ ಫೋನು ಬರುತ್ತದೆ.

ಫೋನು ಮಾಡಿದವರು ಕೇಳುವುದು ಬಂದ ಹಣದಲ್ಲಿ ಪಾಲು. 6 ಲಕ್ಷ ರೂ. ಮೌಲ್ಯದ ಶೇರಿಗೆ ಶೇಕಡಾ 25 ಎಂದರೆ ಒಂದೂವರೆ ಲಕ್ಷ. ಇದು ಕಾನೂನುಬಾಹಿರವೇ? ವಕೀಲರಾದರೆ ಹೌದು, ಫಲಿತಾಂಶದ ಮೇಲೆ ಶುಲ್ಕ ನಿಗದಿ ಮಾಡುವುದನ್ನೂ ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಬಾರ್ ಕೌನ್ಸಿಲ್ ನಿಯಮ ನಿಷೇಧಿಸುತ್ತದೆ. ಆದರೆ ಇಂತಹ ಸಂಸ್ಥೆಗಳು ತಮ್ಮನ್ನು ವಕೀಲರೆಂದು ಕರೆದುಕೊಳ್ಳುವುದಿಲ್ಲ, ಸಲಹೆಗಾರರು ಎನ್ನುತ್ತವೆ. ಪಾಲಿನ ಕರಾರು ಭಾರತದಲ್ಲಿ ತನ್ನಷ್ಟಕ್ಕೇ ಅಸಿಂಧುವಲ್ಲ, ಸುಲಿಗೆಯಂತಿದ್ದರೆ ಮಾತ್ರ ನ್ಯಾಯಾಲಯ ಒಪ್ಪದು ಎಂದು 1876ರಷ್ಟು ಹಿಂದೆಯೇ ರಾಮ್ ಕುಮಾರ್ ಕುಂಡು ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಆದ್ದರಿಂದ ಸಹಿ ಹಾಕಿದ ಮೇಲೆ 'ಗೊತ್ತಿರಲಿಲ್ಲ' ಎಂದರೆ ಬಿಡುಗಡೆ ಸುಲಭವಲ್ಲ.

ಸಹಿಗೆ ಅವಸರ ಪಡಿಸುವ ಮಾತೊಂದಿದೆ: "ಈ ತಿಂಗಳು ಕ್ಲೇಮ್ ಮಾಡದಿದ್ದರೆ ಎಲ್ಲವೂ ಸರಕಾರದ ಪಾಲು." ಇದು ಸರಿಯಲ್ಲ. ಐಇಪಿಎಫ್‌ಗೆ ಹೋದ ಶೇರನ್ನು ವಾಪಸು ಕೇಳಲು ಕೊನೆಯ ದಿನಾಂಕವಿಲ್ಲ. ಅಲ್ಲಿರುವಾಗಲೂ ಡಿವಿಡೆಂಡ್, ಬೋನಸ್ ಆ ಲೆಕ್ಕಕ್ಕೇ ಸೇರುತ್ತದೆ. ಒಂದು ವಾರ ಯೋಚಿಸಿದರೆ ಏನೂ ಕಳೆದುಹೋಗದು.

ಆ ವಾರದಲ್ಲಿ ಮಾಡಬಹುದಾದ ಕೆಲಸ ಹುಡುಕಾಟ. ಐಇಪಿಎಫ್ ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಇಲ್ಲಿ ನಮ್ಮವರಿಗೆ ತೊಡಕಾಗುವುದು ಹೆಸರೇ. ಊರಿನ ಶಾಲೆಯಲ್ಲಿ ಇನಿಶಿಯಲ್ ಮುಂದೆ, ಮಹಾರಾಷ್ಟ್ರದ ರೇಷನ್ ಕಾರ್ಡಿನಲ್ಲಿ ತಂದೆಯ ಹೆಸರು ನಡುವೆ, ಕೊನೆಗೆ ಶೆಟ್ಟಿಯೋ ಪೂಜಾರಿಯೋ ರಾವೋ. ಇಂಗ್ಲಿಷಿನಲ್ಲಿ ಶೆಟ್ಟಿ ಎಂಬುದನ್ನೇ ಎರಡು ಮೂರು ರೀತಿ ಬರೆಯುತ್ತಾರೆ. ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. ಸಂಭಾಜಿನಗರದವರು ಇನ್ನೊಂದನ್ನು ನೆನಪಿಡಬೇಕು. ನಗರದ ಹೆಸರು ಬದಲಾದದ್ದು 2023ರಲ್ಲಿ, ಹಳೆಯ ಶೇರು ಪಟ್ಟಿಯ ವಿಳಾಸಗಳಲ್ಲಿ ಔರಂಗಾಬಾದ್ ಎಂದೇ ಇರುತ್ತದೆ.

ಶೇರು ಸಿಕ್ಕಿತೆಂದು ಇಟ್ಟುಕೊಳ್ಳಿ. ಮುಂದಿನ ದಾರಿ ಉದ್ದ, ಆದರೆ ಕಾಣದ ದಾರಿಯಲ್ಲ. ಮೊದಲು ಕಂಪೆನಿಗೆ ಅಥವಾ ಅದರ ರಿಜಿಸ್ಟ್ರಾರರಿಗೆ ಬರೆದು, ಮರಣಪತ್ರ ಮತ್ತು ವಾರಸು ದಾಖಲೆ ಕೊಟ್ಟು, ತಮ್ಮ ಹಕ್ಕನ್ನು ಒಪ್ಪಿಸಿಕೊಂಡು ಅರ್ಹತಾ ಪತ್ರ ಪಡೆಯಬೇಕು. ಬಳಿಕ ಐಇಪಿಎಫ್-5 ಎಂಬ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ಸರಕಾರಿ ಶುಲ್ಕವಿಲ್ಲ. ಅದರ ಪ್ರತಿ, ಇಂಡೆಮ್ನಿಟಿ ಬಾಂಡ್, ಮುಂಗಡ ರಸೀದಿ ಇತ್ಯಾದಿ ಕಂಪೆನಿಯ ನೋಡಲ್ ಅಧಿಕಾರಿಗೆ ಹೋಗಬೇಕು. ವಾರಸುದಾರರ ಹೆಸರಿನಲ್ಲಿ ಡಿಮ್ಯಾಟ್ ಖಾತೆ, ಪಾನ್, ಆಧಾರ್ ಇರಬೇಕು. ಒಂದು ಕಂಪೆನಿಗೆ ಒಂದು ಹಣಕಾಸು ವರ್ಷದಲ್ಲಿ ಒಂದೇ ಒಟ್ಟು ಅರ್ಜಿ. ಆದ್ದರಿಂದ ಅರ್ಧ ಕಾಗದದೊಂದಿಗೆ ಅವಸರದಲ್ಲಿ ಕಳಿಸುವುದು ಜಾಣತನವಲ್ಲ. ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ಹೆಚ್ಚಾಗಿ ಹೆಸರು, ಸಹಿಯ ವ್ಯತ್ಯಾಸದಿಂದ.

ಮೊತ್ತ ದೊಡ್ಡದಾದರೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದನ್ನು ಕೊಡುವುದು ಮೃತರು ಸಾಮಾನ್ಯವಾಗಿ ವಾಸವಿದ್ದ ಊರಿನ ನ್ಯಾಯಾಲಯ. ಊರಿಗೆ ಮರಳಿ ನೆಲೆಸಿದ್ದ ಚಿಕ್ಕಪ್ಪನಿಗೆ ಅದು ಉಡುಪಿ ಜಿಲ್ಲೆಯ ನ್ಯಾಯಾಲಯ. ನಾಶಿಕದಲ್ಲೇ ವಾಸವಿದ್ದು ಚಿಕಿತ್ಸೆಗೆಂದು ಊರಿಗೆ ಹೋಗಿ ತೀರಿಕೊಂಡಿದ್ದರೆ ನಾಶಿಕದ್ದು.

ಫೋನಿನವರು ನಯವಾಗಿ ದಾಟಿಸಿಬಿಡುವ ಪ್ರಶ್ನೆ ಬೇರೆಯೇ ಇದೆ: ವಾರಸುದಾರ ಯಾರು? "ನೀವೇ" ಎಂದು ಅವರು ಹೇಳಿದ್ದರಿಂದ ಅಣ್ಣನ ಮಗ ಒಬ್ಬನೇ ವಾರಸುದಾರನಾಗುವುದಿಲ್ಲ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮೊದಲ ಹಕ್ಕು ಹೆಂಡತಿ, ಮಕ್ಕಳು ಮತ್ತು ತಾಯಿಗೆ. ಈ ತಾಯಿಯನ್ನು ಮರೆಯುವವರೇ ಜಾಸ್ತಿ. ಇವರಾರೂ ಇಲ್ಲದಿದ್ದರೆ ತಂದೆ, ನಂತರ ಬದುಕಿರುವ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ ಸಮಪಾಲು. ಅವರೂ ಇಲ್ಲವಾದ ಮೇಲೆ ಅವರ ಮಕ್ಕಳ ಸರದಿ, ಅಲ್ಲೂ ಗಂಡು ಹೆಣ್ಣು ಭೇದವಿಲ್ಲ. ಅಳಿಯಸಂತಾನದ ಮನೆಯವರು "ಮಾವನ ಆಸ್ತಿ ಅಳಿಯನಿಗೆ" ಎಂದು ಭಾವಿಸುವುದುಂಟು. ಸ್ವಂತ ದುಡಿಮೆಯ ಶೇರಿಗೆ ಅದು ಅನ್ವಯಿಸದು, ಅಣ್ಣನ ಮಕ್ಕಳೂ ಅಕ್ಕನ ಮಕ್ಕಳೂ ಒಂದೇ ಸಾಲಿನಲ್ಲಿ ಬರುತ್ತಾರೆ. ನಾಮಿನಿಯಾಗಿ ಹೆಸರಿದ್ದರೂ ಅವರು ಮಾಲೀಕರಲ್ಲ ಎಂದು 2023ರ ಡಿಸೆಂಬರ್ 14ರಂದು ಶಕ್ತಿ ಯಜದಾನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಊರಲ್ಲಿರುವ ಅತ್ತೆಗೆ ತಿಳಿಸದೆ ಸಂಭಾಜಿನಗರದ ಅಳಿಯ ಒಬ್ಬನೇ ಅಫಿಡವಿಟ್ ಮಾಡಿಕೊಟ್ಟರೆ ಸಿಕ್ಕಿಬೀಳುವುದು ಏಜೆಂಟನಲ್ಲ, ಸಹಿ ಹಾಕಿದವನು. ಹಣಕ್ಕಿಂತ ದೊಡ್ಡ ಜಗಳ ಅಲ್ಲಿಂದ ಶುರುವಾಗುತ್ತದೆ.

ಹಾಗೆಂದು ಈ ಸಂಸ್ಥೆಗಳಿಂದ ಉಪಯೋಗವೇ ಇಲ್ಲ ಎನ್ನಲಾಗದು. ಶೇರುಪತ್ರ ಕಳೆದಿದೆ, ವಾರಸುದಾರರು ನಾಲ್ಕು ಊರುಗಳಲ್ಲಿದ್ದಾರೆ, ಕಂಪೆನಿ ಎರಡು ಬಾರಿ ವಿಲೀನವಾಗಿದೆ ಎಂಬಂತಹ ಸಂದರ್ಭದಲ್ಲಿ ಓಡಾಡುವವರಿಗೆ ಸಂಬಳ ಕೊಡುವುದು ನ್ಯಾಯವೇ. ಆದರೆ ಮುಂಗಡ ಬೇಡ, ಹಣ ಬಂದ ಮೇಲೆ ಎಂದು ಬರೆಸಿಕೊಳ್ಳಬೇಕು. ಶೇಕಡಾವಾರಿಗಿಂತ ನಿಗದಿತ ಮೊತ್ತ ಮೇಲು. ಮೂಲ ಶೇರುಪತ್ರ, ಸಾರಾಸಗಟು ಮುಖ್ತ್ಯಾರನಾಮೆ, ಖಾಲಿ ಚೆಕ್ಕು, ಒಟಿಪಿ, ಇವು ಯಾವುದನ್ನೂ ಕೊಡಕೂಡದು. ನೋಂದಣಿಗೆಂದು ಮೊದಲೇ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಲಿ.

ಬ್ಯಾಂಕ್ ಠೇವಣಿಯ ಕತೆ ಇಷ್ಟು ಜಟಿಲವಲ್ಲ. 10 ವರ್ಷ ವ್ಯವಹಾರವಿಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಅಂತ್ಯಕ್ಕೆ ಅಲ್ಲಿ 78,213 ಕೋಟಿ ರೂ. ಇತ್ತು. 2023ರ ಆಗಸ್ಟ್ 17ರಂದು ಆರಂಭವಾದ ಉದ್ಗಮ್ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ ಹುಡುಕಬಹುದು. ಹಣಕ್ಕೆ ಮಾತ್ರ ಬ್ಯಾಂಕಿನ ಶಾಖೆಗೇ ಹೋಗಬೇಕು. ಟ್ರಂಕಿನಲ್ಲಿ ಸಿಕ್ಕ ಪಾಸ್‌ಬುಕ್ಕಿನ ಬ್ಯಾಂಕು ಈಗ ಇಲ್ಲವಲ್ಲ ಎಂದು ಕೈಬಿಡಬೇಕಾಗಿಲ್ಲ. ವಿಜಯಾ ಬ್ಯಾಂಕಿನ ಖಾತೆಗಳು 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದಲ್ಲಿವೆ. 2020ರ ಏಪ್ರಿಲ್ 1ರಿಂದ ಸಿಂಡಿಕೇಟ್ ಬ್ಯಾಂಕಿನವು ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕಿನವು ಯೂನಿಯನ್ ಬ್ಯಾಂಕಿನಲ್ಲೂ ಇವೆ. ಚಿಕ್ಕಪ್ಪನ ಪಿಗ್ಮಿ ಪುಸ್ತಕ ಸಿಂಡಿಕೇಟಿನದ್ದಾಗಿದ್ದರೆ ಹತ್ತಿರದ ಕೆನರಾ ಶಾಖೆಗೆ ಮರಣಪತ್ರದ ಪ್ರತಿಯೊಂದಿಗೆ ಹೋಗಿ ಕೇಳಬಹುದು.